ನಮ್ಮ ಓಣಿಯ ದುಭಾಷಿ

ಸುಮ್ಮನೆ ಕೂತ ಮಗುವನ್ನು ಕಂಡರೆ ನನ್ನ ಕೈ ತುರಿಸುತ್ತದೆ. ಹೊಡೆಯುವುದಕ್ಕಲ್ಲ, ಕಲಿಸುವುದಕ್ಕೆ. ಬಸ್ಸಿನಲ್ಲಿ ಪಕ್ಕದ ಸೀಟಿನ ತಾಯಿಯ ಮಡಿಲಲ್ಲಿ ಕೂತು ಕಿಟಕಿಯಾಚೆ ನೋಡುತ್ತಿರುವ ಕೂಸಿಗೆ ನಾನು "ದಟ್ ಈಸ್ ಎ ಬಫೆಲೋ" ಎಂದು ಹೇಳಿಬಿಟ್ಟಿರುತ್ತೇನೆ. ಕೂಸು ನನ್ನ ಮುಖ ನೋಡಿ ಅಳಲು ಶುರು ಮಾಡುತ್ತದೆ. ತಾಯಿ ಸೀಟು ಬದಲಿಸುತ್ತಾಳೆ. ಎಮ್ಮೆ ಮಾತ್ರ ಅಲ್ಲೇ ನಿಂತಿರುತ್ತದೆ. ಕೆಲವರಿಗೆ ಗೋಡೆಯ ಮೇಲೆ ಸೊಟ್ಟಗೆ ನೇತಾಡುವ ಪಟವನ್ನು ನೆಟ್ಟಗೆ ಮಾಡದೆ ಇರಲಾಗುವುದಿಲ್ಲವಲ್ಲ, ಹಾಗೆ. ಇದನ್ನು ನಾನು ಬಹಳ ವರ್ಷ ಸದ್ಗುಣ ಎಂದೇ ತಿಳಿದಿದ್ದೆ. ರಿಟೈರ್ಡ್ ಟೀಚರುಗಳಿಗೆ ಅದೊಂದು ಕಾಯಿಲೆ ಎಂದು ಈಗ ಗೊತ್ತಾಗಿದೆ. ಗೊತ್ತಾಗುವ ಹೊತ್ತಿಗೆ ಅದರ ಕಷ್ಟ ಬೇರೆಯವರು ಅನುಭವಿಸಿ ಆಗಿತ್ತು.

ನಾನು ಮಾನ್ವಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು. ಮನೆ ರಾಯಚೂರು, ಕೆಲಸ ಮಾನ್ವಿ. ಇಪ್ಪತ್ತೇಳು ವರ್ಷ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕಲ್ಲೂರು ಬರುವಷ್ಟರಲ್ಲಿ ಹತ್ತು ಪೇಪರು ತಿದ್ದುತ್ತಿದ್ದೆ. ಬಸ್ಸು ಗುಂಡಿಗೆ ಇಳಿದಾಗ ಕೆಂಪು ಪೆನ್ನು ಜಾರಿ ಎಷ್ಟು ಮಕ್ಕಳ ಸರಿಯುತ್ತರದ ಮೇಲೆ ಗೀಟು ಬಿದ್ದಿದೆಯೋ ಲೆಕ್ಕವಿಲ್ಲ. ಮದುವೆ ಆಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಟೈಮ್ ಸಿಗಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಈಗ ಎಪ್ಪತ್ತನಾಲ್ಕು. ನನ್ನ ಮನೆಯಿರುವುದು ರೈಸ್ ಮಿಲ್ಲಿನ ಮಗ್ಗುಲಿಗೆ. ಭತ್ತ ಬೇಯಿಸುವ ಬಾಯ್ಲರಿಗೆ ಉಮಿಯನ್ನೇ ಉರುವಲು ಮಾಡುತ್ತಾರೆ. ಅದರ ಕರಿ ಬೂದಿ ದಿನವಿಡೀ ನಮ್ಮ ಮಾಳಿಗೆಯ ಮೇಲೆ ಉದುರುತ್ತದೆ. ಬೆಳಿಗ್ಗೆ ಒಣಹಾಕಿದ ಬಿಳಿ ಸೀರೆ ಸಂಜೆಗೆ ಚುಕ್ಕಿ ಸೀರೆಯಾಗಿ ಒಳಗೆ ಬರುತ್ತದೆ.

ಮಿಲ್ಲಿನ ಹಿಂದೆ ಕೂಲಿಯವರ ಸಾಲುಮನೆಗಳಿವೆ. ಅದಕ್ಕೆ ಎಲ್ಲರೂ ಲೈನು ಅನ್ನುತ್ತಾರೆ. ಮೊದಲು ಅಲ್ಲಿ ಗಿಲ್ಲೆಸುಗೂರು, ಯಾಪಲದಿನ್ನಿ ಕಡೆಯ ಮಂದಿ ಇದ್ದರು. ಈಗ ಹೆಚ್ಚಿನವರು ಒಡಿಶಾದಿಂದ ಬಂದವರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಲ್ಲಿಂದ ಒಬ್ಬ ತಾಯಿ, ಒಬ್ಬ ಮಗಳು ಖಾಲಿ ಕೊಡ ಹಿಡಿದು ನನ್ನ ಗೇಟಿನ ಮುಂದೆ ನಿಂತರು. ತಾಯಿ ಏನೋ ಅಂದಳು; ನನಗೆ ತಿಳಿಯಲಿಲ್ಲ. ಒಂಬತ್ತು ವರ್ಷದ ಮಗಳು ಮುಂದೆ ಬಂದಳು.

"ಯವ್ವಾ, ಒಂದು ಕೊಡ ನೀರು ಕೊಡ್ರಿ. ನಮ್ಮ ಲೈನಿನ ಬೋರು ಕೆಟ್ಟದ. ಮಿಸ್ತ್ರಿ ನಾಳಿ ಬರ್ತೀನಿ ಅನ್ನಾಕತ್ತು ನಾಕು ದಿನ ಆತ್ರಿ."

ಆ ಮಿಸ್ತ್ರಿಯನ್ನು ನಾನೂ ಬಲ್ಲೆ. ನಕ್ಕು, "ಅಂವ ನಂಗೂ ಹಂಗ ಅಂದಾನ" ಎಂದೆ. ಹುಡುಗಿ ತಾಯಿಯ ಕಡೆ ತಿರುಗಿ ಅದನ್ನು ಒಡಿಯಾದಲ್ಲಿ ಹೇಳಿದಳು. ತಾಯಿಯೂ ನಕ್ಕಳು, ನಾನು ನಕ್ಕಷ್ಟೇ. ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಕೊಡವನ್ನು ಎಡಗೈಯಿಂದ ಬಲಗೈಗೆ ದಾಟಿಸಿದ ಹಾಗೆ, ಒಂದು ತೊಟ್ಟು ಚೆಲ್ಲದೆ, ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗಿದ್ದಳು ಹುಡುಗಿ. ಎರಡು ವರ್ಷ ಸರಕಾರಿ ಶಾಲೆಯಲ್ಲಿ ಕೂತು, ಓಣಿಯ ಮಕ್ಕಳ ಜೊತೆ ಜಗಳಾಡಿ ಕಲಿತ ಕನ್ನಡವಂತೆ. ಹೆಸರು ಝುನು. ತಾಯಿಯ ಹೆಸರು ಸುಕಾಂತಿ. ಮಿಲ್ಲಿನ ಅಂಗಳದಲ್ಲಿ ಬೆಂದ ಭತ್ತ ಹರವಿ ಕಾಲಿನಿಂದ ಕೆದರಿ ಒಣಗಿಸುವ ಕೆಲಸ. ತಂದೆ ಧನೇಶ್ವರ ಲಾರಿಗೆ ಮೂಟೆ ಹೇರುತ್ತಿದ್ದ. ಅವನಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಸುಕಾಂತಿಗೆ ಒಡಿಯಾ ಬಿಟ್ಟು ಬೇರೆ ಯಾವುದೂ ಇಲ್ಲ.

ಅವತ್ತೇ ನನ್ನ ಕೈ ತುರಿಸಲು ಶುರುವಾಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಝುನು ನನ್ನ ಮನೆಗೆ ಬರತೊಡಗಿದಳು. ನನ್ನನ್ನು ಏನೆಂದು ಕರೆಯಬೇಕೆಂದು ಎರಡು ದಿನ ಯೋಚಿಸಿ "ಮೇಡಂ ಅಜ್ಜಿ" ಎಂದು ತೀರ್ಮಾನಿಸಿದಳು. ಮೇಡಂ ಎನ್ನುವುದರಲ್ಲಿದ್ದ ಗತ್ತು ಅಜ್ಜಿಯಲ್ಲಿ ಇಳಿದುಹೋಯಿತು, ಒಳ್ಳೆಯದೇ ಆಯಿತು. ಒಂದು ದಿನ ಗೋಡೆಯ ಮೇಲಿದ್ದ ಬುದ್ಧನ ಪಟ ನೋಡಿ ಕೇಳಿದಳು: "ಈ ಅಜ್ಜ ಯಾಕ ಕಣ್ಣು ಮುಚ್ಚ್ಯಾನ್ರಿ?"

"ವಿಚಾರ ಮಾಡಾಕತ್ತಾನ."

"ಅಂವಗ ಯಾರೂ ಬಂದು ಅದು ಹೇಳು ಇದು ಹೇಳು ಅನ್ನಂಗಿಲ್ಲೇನು?"

ನಾನು ಜೋರಾಗಿ ನಕ್ಕೆ. ಎಂಥ ಜಾಣ ಹುಡುಗಿ ಎಂದು ಮರುದಿನ ಫೋನಿನಲ್ಲಿ ನಾಲ್ಕು ಗೆಳತಿಯರಿಗೆ ಹೇಳಿದೆ. ಅವಳು ಕೇಳಿದ್ದು ತಮಾಷೆಗಲ್ಲ ಎಂದು ನನಗೆ ಹೊಳೆಯಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಇಡೀ ಓಣಿಗೆ ಅವಳು ದುಭಾಷಿಯಾಗಿದ್ದಳು. ಮಿಲ್ಲಿನ ಸೂಪರ್‌ವೈಸರಿಗೆ ಲೈನಿನ ಹೆಂಗಸರಿಗೆ ಏನಾದರೂ ಹೇಳಬೇಕಾದರೆ ಝುನು. ಬಸುರಿಯರಿಗೆ ಹೆರಿಗೆಯ ತಾರೀಖು ಯಾವಾಗ ಎಂದು ಕೇಳಲು ಬರುವ ಆಶಾ ಕಾರ್ಯಕರ್ತೆಗೆ ಝುನು. ಕಿರಾಣಿ ಅಂಗಡಿಯವನಿಗೆ ಝುನು, ಶಾಲೆಯ ಪಾಲಕರ ಸಭೆಗೆ ಝುನು. ಆ ಸಭೆಯಲ್ಲಿ ತನ್ನ ಮೇಲಿನ ದೂರನ್ನು ತಾನೇ ತಾಯಿಗೆ ಹೇಳಬೇಕಾಗಿತ್ತು, ಪಾಪ. ನನ್ನ ಗೇಟಿಗೆ ಬಂದು "ಮೇಡಂ, ಝುನುನ ಒಂದೀಟು ಕಳಸ್ರಿ" ಎನ್ನುತ್ತಿದ್ದರು. ನಾನು ಏಣಿ ಎರವಲು ಕೊಟ್ಟ ಹಾಗೆ ಕಳಿಸಿಕೊಡುತ್ತಿದ್ದೆ. ಕಳಿಸುವ ಮುಂಚೆ ಒಂದು ಇನ್‌ಸ್ಟ್ರಕ್ಷನ್ ಬೇರೆ. "ನೋಡು ಝುನು, ನೀನು ಕಿಟಕಿಯ ಗಾಜು ಇದ್ದಂಗ. ನಡುವ ನೀನು ಕಾಣಿಸಬಾರದು. ಅವರು ಎಷ್ಟು ಅಂದ್ರೋ ಅಷ್ಟು. ನೋ ಅಡಿಷನ್, ನೋ ಸಬ್‌ಟ್ರಾಕ್ಷನ್." ಅವಳು ತಿರುಗಿ ಬಂದ ಮೇಲೆ ಯಾರು ಏನಂದರು, ನೀನು ಏನಂದೆ ಎಂದು ವಾಕ್ಯ ವಾಕ್ಯವಾಗಿ ಕೇಳುತ್ತಿದ್ದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸು ಎನ್ನುತ್ತಿದ್ದೆ. ಸರಿಯಾದರೆ ಒಂದು ಪೆಪ್ಪರ್‌ಮಿಂಟ್.

ಸುಕಾಂತಿ ಇದನ್ನೆಲ್ಲ ದೂರ ನಿಂತು ನೋಡುತ್ತಿದ್ದಳು. ಮಗಳು ಮಾತಾಡುವಾಗ ಅವಳ ಕಣ್ಣು ಮಗಳ ತುಟಿಯ ಮೇಲೆಯೇ. ಆಚೆಯವರು ತಲೆಯಾಡಿಸಿದರೆ ಇವಳೂ ತಲೆಯಾಡಿಸುತ್ತಿದ್ದಳು. ಪರ ಊರಿನಲ್ಲಿ ಅವಳಿಗಿದ್ದ ಬಾಯಿ, ಕಿವಿ ಎಲ್ಲ ಆ ಮಗಳೇ. ಅವಳ ಮುಖದಲ್ಲಿದ್ದ ಹೆಮ್ಮೆಗೆ ಭಾಷೆ ಬೇಕಿರಲಿಲ್ಲ. ನನ್ನ ಮುಖದಲ್ಲೂ ಅದೇ ಇತ್ತೇನೋ.

ನನ್ನ ಮನೆಗೆಲಸಕ್ಕೆ ಬರುವ ಹುಲಿಗೆಮ್ಮ ಮಾತ್ರ ಒಪ್ಪಿರಲಿಲ್ಲ. ಹುಲಿಗೆಮ್ಮ ಲೈನಿನ ಹಳೆಯ ಮಂದಿಯಲ್ಲಿ ಉಳಿದವಳು. ಮಿಲ್ಲಿನ ಕಸ ಹೊಡೆದು ನನ್ನ ಮನೆಗೆ ಬರುತ್ತಾಳೆ, ಬರುವಾಗ ಮಿಲ್ಲಿನ ಸುದ್ದಿಯನ್ನೂ ಹೊಡೆದುಕೊಂಡು ಬರುತ್ತಾಳೆ.

"ಅಲ್ರಿ ಯವ್ವಾ, ಆ ಕೂಸು ಏನು ಫೋನೇನ್ರಿ? ಎಲ್ಲಾರೂ ಅದರ ಬಾಯಾಗ ಮಾತಾಡಾಕತ್ತೀರಿ."

"ಕಲೀಲಿ ಬಿಡವ್ವಾ. ಮುಂದ ಉಪಯೋಗಕ್ಕ ಬರತದ."

"ಯಾರಿಗ್ರಿ ಉಪಯೋಗಕ್ಕ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾತ್ರೆ ತಿಕ್ಕಲು ಹೋದಳು.

ಹಿಂದೆ ಕಂಪನಿ ಸರಕಾರದ ಕಚೇರಿಗಳಲ್ಲಿ, ನವಾಬರ ದರಬಾರುಗಳಲ್ಲಿ ದುಭಾಷಿ ಎಂಬ ಹುದ್ದೆಯೇ ಇತ್ತು. ರುಮಾಲು ಸುತ್ತಿ, ಪಗಾರ ತೆಗೆದುಕೊಂಡು, ದೊಡ್ಡವರಿಬ್ಬರ ನಡುವೆ ನಿಂತು ಮಾತು ದಾಟಿಸುವ ಕೆಲಸ. ನಮ್ಮ ರಾಯಚೂರಿಗಂತೂ ಅದು ಹೊಸದಲ್ಲ. ನಿಜಾಮನ ಕಾಲದಲ್ಲಿ ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಊರೇ ಅರ್ಧ ದುಭಾಷಿ. ಆದರೆ ಆ ದುಭಾಷಿಗಳೆಲ್ಲ ಮೀಸೆ ಬಂದ ಗಂಡಸರು. ಕೆಟ್ಟ ಸುದ್ದಿಯನ್ನು ದಾಟಿಸಿದ ಮೇಲೆ ಮನೆಗೆ ಹೋಗಿ ಹೆಂಡತಿಯ ಮುಂದೆ ಬೈದುಕೊಂಡು ಹಗುರಾಗುವಷ್ಟು ವಯಸ್ಸಾದವರು. ಹನ್ನೊಂದು ವರ್ಷದ ದುಭಾಷಿಯನ್ನು ಯಾವ ನವಾಬನೂ ನೇಮಿಸಿರಲಿಲ್ಲ. ಆ ಕೆಲಸ ನಾವು ಮಾಡಿದೆವು.

ಮಕ್ಕಳು ದುಭಾಷಿಗಳಾದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ನಾನೇ ಒಂದು ಸಲ ಆಗಿದ್ದೆ. ನನ್ನ ಅಪ್ಪ ಸಿಸ್ಟರುಗಳ ಆಸ್ಪತ್ರೆಯಲ್ಲಿ ಮಾಲಿ. ಅವರ ದಯೆಯಿಂದ ನನಗೆ ದೂರದ ಕಾನ್ವೆಂಟಿನಲ್ಲಿ ಸೀಟು ಸಿಕ್ಕಿತ್ತು. ದೇವದುರ್ಗದಿಂದ ನನ್ನ ಅಮ್ಮನ ತಾಯಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಒಮ್ಮೆ ನೋಡಲು ಬಂದಿದ್ದಳು. ಮಕ್ಕಳ ಮನೆಯವರನ್ನು ಕೂರಿಸುವ ಪಾರ್ಲರಿನಲ್ಲಿ ಸಿಸ್ಟರ್ ಬೆನೆಡಿಕ್ಟಾ ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಉದ್ದ ದೂರು ಹೇಳಿದರು: ಸುಳ್ಳು ಹೇಳುತ್ತಾಳೆ, ತೋಟದ ಪೇರಲಹಣ್ಣು ಕದಿಯುತ್ತಾಳೆ. "ಏನಂತಾಳ ಬೇ?" ಎಂದು ಅಜ್ಜಿ ಕೇಳಿದಳು. "ಭಾಳ ಶಾಣ್ಯಾ ಹುಡುಗಿ, ತೋಟದ ಕೆಲಸಾನೂ ಮಾಡತಾಳ ಅಂತಾರ" ಎಂದೆ. ಅಜ್ಜಿ ಎದ್ದು ಸಿಸ್ಟರ್ ಕೈಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸಿಸ್ಟರ್ ಗಾಬರಿಯಾಗಿ ನನ್ನ ಮೇಲಿನ ದೂರನ್ನೇ ಮರೆತರು. ಈ ಕಥೆಯನ್ನು ನಾನು ಅರವತ್ತು ವರ್ಷದಿಂದ ಹೇಳಿ ಜನರನ್ನು ನಗಿಸಿದ್ದೇನೆ. ಝುನುವಿಗೂ ಹೇಳಿದ್ದೆ. ಅವಳು ನಗಲಿಲ್ಲ. "ಆಮ್ಯಾಲ ನಿಮ್ಮ ಅಜ್ಜಿಗಿ ಗೊತ್ತಾತೇನ್ರಿ?" ಎಂದಷ್ಟೇ ಕೇಳಿದಳು. ಗೊತ್ತಾಗಲಿಲ್ಲ, ಗೊತ್ತಾಗುವ ಮುಂಚೆ ಸತ್ತುಹೋದಳು ಎಂದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತುಬಳಸಿದ್ದು ಅಲ್ಲಿಗೆ ಹೋಗಲು ಮನಸ್ಸಿಲ್ಲದ್ದಕ್ಕೆ.

ಬಾಯ್ಲರಿನ ಬೂದಿಯನ್ನು ಮಿಲ್ಲಿನ ಹಿಂದೆ ಗುಡ್ಡೆ ಹಾಕುತ್ತಾರೆ. ಉಮಿಬೂದಿಯ ಗುಣವೆಂದರೆ ಮೇಲೆ ಆರಿ ತಣ್ಣಗಾಗಿರುತ್ತದೆ, ಒಳಗೆ ನಾಲ್ಕೈದು ದಿನ ಕೆಂಡ ಹಾಗೇ ಇರುತ್ತದೆ. ಲೈನಿನಲ್ಲಿ ಪಾಯಿಖಾನೆ ಇಲ್ಲ. ಹೆಂಗಸರು ನಸುಕಿನಲ್ಲಿ ಗುಡ್ಡೆಯ ಆಚೆ ಹೋಗುತ್ತಾರೆ. ನಮ್ಮ ಕಡೆಯವರ ಕೈಯಲ್ಲಿ ಆಗ ಒಂದು ಕೋಲು ಇರುತ್ತದೆ. ಹೆಜ್ಜೆ ಇಡುವ ಮುಂಚೆ ಚುಚ್ಚಿ ನೋಡಿ, ಹೊಗೆ ಬಂದರೆ ಸುತ್ತಿ ಹೋಗುತ್ತಾರೆ. ಒಂದು ಬೆಳಗಿನ ಮಂಜಿನಲ್ಲಿ ದಾರಿ ಎಲ್ಲಿ ಮುಗಿದು ಬೂದಿ ಎಲ್ಲಿ ಶುರುವಾಯಿತೆಂದು ತಿಳಿಯದೆ, ಕೋಲಿಲ್ಲದೆ ಹೊರಟಿದ್ದ ಸುಕಾಂತಿಯ ಬಲಗಾಲು ಕಣಕಾಲಿನವರೆಗೆ ಇಳಿಯಿತು.

ಅವಳು ಯಾರಿಗೂ ಹೇಳಲಿಲ್ಲ. ಅರಿಸಿನ ಮೆತ್ತಿ ಬಟ್ಟೆ ಸುತ್ತಿ, ಬಿಸಿ ಭತ್ತದ ಮೇಲೆ ಮತ್ತೆ ಅದೇ ಕಾಲಿನಿಂದ ಕೆದರುತ್ತ ನಾಲ್ಕು ದಿನ ಕೆಲಸ ಮಾಡಿದಳು. ಮೈಯಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಹಾಗಾಗಿ ನೋವೂ ಅಷ್ಟು ತಿಳಿದಿರಲಿಕ್ಕಿಲ್ಲ. ಐದನೆಯ ದಿನ ಜ್ವರದಲ್ಲಿ ಅಂಗಳದಲ್ಲೇ ಬಿದ್ದಳು. ಧನೇಶ್ವರ ಮಾನ್ವಿಯ ಗೋದಾಮಿಗೆ ಲೋಡು ಇಳಿಸಲು ಹೋಗಿದ್ದ, ಫೋನು ಹತ್ತುತ್ತಿರಲಿಲ್ಲ. ಹುಲಿಗೆಮ್ಮ ಓಡಿಬಂದು ನನ್ನನ್ನು ಕರೆದಳು. ಆಟೋದಲ್ಲಿ ನಾನು, ಸುಕಾಂತಿ, ಝುನು. ಸ್ಕೂಲ್ ಯೂನಿಫಾರ್ಮಿನಲ್ಲೇ ಇದ್ದಳು ಹುಡುಗಿ.

ಆಸ್ಪತ್ರೆಯ ಡಾಕ್ಟರು ಕಲ್ಲೂರಿನವಳು, ಚಿಕ್ಕ ವಯಸ್ಸು, ಮೆತ್ತನೆಯ ಮಾತು. ಬಟ್ಟೆ ಬಿಚ್ಚಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದಳು.

"ಮೇಡಂ, ಪಾದ ಪೂರ್ತಿ ಕಪ್ಪಾಗ್ಯದ. ತೆಗೀಬೇಕು, ಇವತ್ತ. ಸಂಜಿತನಕ ಗಂಡಗ ಕಾದ್ರ ಮೊಣಕಾಲಿಗೆ ಏರತದ, ಆಮ್ಯಾಲ ಜೀವಕ್ಕೂ ಗ್ಯಾರಂಟಿ ಇಲ್ಲ. ಪೇಷಂಟಿಗೆ ತಿಳಿಸಿ ಹೇಳಿ ಒಪ್ಪಿಗಿ ತಗೋಬೇಕು. ಇವರಿಗೆ ಕನ್ನಡ, ಹಿಂದಿ ಯಾವುದೂ ಬರವಲ್ದು. ಒಡಿಯಾ ಬರೋರು ಯಾರರ ಅದಾರೇನ್ರಿ?"

"ಇದ್ದಾರೆ," ಎಂದೆ ನಾನು. "ಶಿ ಈಸ್ ಮೈ ಸ್ಟೂಡೆಂಟ್. ಪರ್ಫೆಕ್ಟ್ ಆಗಿ ಹೇಳತಾಳ."

ಆ ಪರ್ಫೆಕ್ಟ್ ಎಂಬ ಪದವನ್ನು ನಾನು ಎಂಥ ಜಂಬದಿಂದ ಅಂದೆನೆಂಬುದು ನನಗೆ ಇನ್ನೂ ನೆನಪಿದೆ. ಡಾಕ್ಟರು ಝುನುವನ್ನು ನೋಡಿ ಒಂದು ಕ್ಷಣ ಅನುಮಾನಿಸಿದಳು. "ಸಣ್ಣಾಕಿ ಅದಾಳಲ್ರಿ" ಎಂದಳು. ನಾನೇ ಝುನುವಿನ ಬೆನ್ನ ಮೇಲೆ ಕೈಯಿಟ್ಟು ಮಂಚದ ಹತ್ತಿರ ದೂಡಿದೆ. ಡಾಕ್ಟರು ನಿಧಾನವಾಗಿ ಎಲ್ಲ ಹೇಳಿದಳು: ಏನಾಗಿದೆ, ಯಾಕೆ ತೆಗೆಯಬೇಕು, ತೆಗೆಯದಿದ್ದರೆ ಏನಾಗುತ್ತದೆ. ಝುನು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ, ಕ್ಲಾಸಿನಲ್ಲಿ ತಲೆಯಾಡಿಸುವ ಹಾಗೆ.

ಅವಳು ತಾಯಿಯ ಕಡೆ ಬಾಗಿ ಏನೋ ಹೇಳಿದಳು. ಡಾಕ್ಟರು ಹೇಳಿದ್ದು ಎಂಟು ಹತ್ತು ವಾಕ್ಯ, ಇವಳದು ಎರಡು. ಸುಕಾಂತಿ ಒಂದು ಪ್ರಶ್ನೆ ಕೇಳಿದಳು. ಝುನು ಒಂದು ಪದದಲ್ಲಿ ಉತ್ತರಿಸಿದಳು. ಸುಕಾಂತಿ ಜ್ವರದಲ್ಲೇ ನಕ್ಕು ಮಗಳ ಕೆನ್ನೆ ಸವರಿದಳು. ಕಾಪಿ ಹೊಡೆದ ಉತ್ತರವನ್ನು ಶಾಯಿಯ ಬಣ್ಣ ನೋಡಿ ಹಿಡಿಯುತ್ತಿದ್ದ ನಾನು, ಆ ನಗೆಯನ್ನು ನೋಡಿಯೂ ಹಿಡಿಯಲಿಲ್ಲ. ಒಡಿಯಾ ಬಹಳ ಕಾಂಪ್ಯಾಕ್ಟ್ ಭಾಷೆ ಇರಬೇಕು ಎಂದುಕೊಂಡೆ! ಪಾದ ಕಳೆದುಕೊಳ್ಳಲಿರುವ ಹೆಂಗಸು ಯಾವ ಭಾಷೆಯಲ್ಲೂ ನಗುವುದಿಲ್ಲ ಎಂಬುದನ್ನು ತಿಳಿಯಲು ಕಾನ್ವೆಂಟಿಗೆ ಹೋಗಬೇಕಿಲ್ಲ.

ಫಾರ್ಮ್ ಬಂತು. ರೋಗಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಲಾಗಿದೆ ಎಂಬ ಸಾಲು ಅದರಲ್ಲಿತ್ತು. ಸುಕಾಂತಿ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಿದೆ, ಇಂಗ್ಲಿಷಿನಲ್ಲಿ, ಸಿಸ್ಟರುಗಳು ತಿದ್ದಿ ತಿದ್ದಿ ಕಲಿಸಿದ ಓರೆ ಅಕ್ಷರದಲ್ಲಿ. ನನ್ನ ಅಜ್ಜ ದೇವದುರ್ಗದ ಸೀಮೆಯಲ್ಲಿ ಒಬ್ಬ ಗೌಡನ ಮನೆಯಲ್ಲಿ ಜೀತಕ್ಕಿದ್ದವನು. ಒಂದು ಉರ್ದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದ. ಅದರಲ್ಲಿ ಏನಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ, ಅವನ ಆಯುಷ್ಯವೆಲ್ಲ ಅದರಲ್ಲೇ ಹೋಯಿತು. ನನ್ನ ಅಪ್ಪ ಏಳು ವರ್ಷದ ನನ್ನನ್ನು ರೈಲು ಹತ್ತಿಸಿ ಪರ ಊರಿಗೆ ಕಳಿಸಿದ್ದು ಅದೊಂದೇ ಕಾರಣಕ್ಕೆ: ತಿಳಿಯದ ಕಾಗದದ ಮೇಲೆ ನಮ್ಮ ಮನೆಯ ಹೆಬ್ಬೆಟ್ಟು ಇನ್ನು ಬೀಳಬಾರದು. ಬೀಳಲಿಲ್ಲ. ನನ್ನ ಸಹಿಯ ಪಕ್ಕದಲ್ಲಿ ಸುಕಾಂತಿಯದು ಬಿತ್ತು.

ಸಂಜೆ ಅವಳಿಗೆ ಎಚ್ಚರವಾದಾಗ ಹೊದಿಕೆ ಬಲಗಾಲಿನ ತುದಿಯಲ್ಲಿ ಮಂಚಕ್ಕೆ ಅಂಟಿ ಚಪ್ಪಟೆಯಾಗಿತ್ತು. ಅವಳು ಅದನ್ನು ನೋಡಿದಳು. ಕೈಯಿಂದ ಒತ್ತಿ ನೋಡಿದಳು. ಆಮೇಲೆ ಮಗಳನ್ನು ಹುಡುಕಿದಳು. ಝುನು ಪರದೆಯ ಹಿಂದೆ ನಿಂತಿದ್ದಳು. ಪರದೆಯ ಕೆಳಗೆ ಅವಳ ಸ್ಕೂಲ್ ಬೂಟುಗಳು ಕಾಣುತ್ತಿದ್ದವು. ಅಷ್ಟರಲ್ಲಿ ಬಂದಿದ್ದ ಧನೇಶ್ವರ ಹೆಂಡತಿಗೆ ಎಲ್ಲ ಹೇಳಿದ. ಸುಕಾಂತಿ ಕಿರುಚಲಿಲ್ಲ, ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಝುನು ಲೋಟದಲ್ಲಿ ನೀರು ತಂದು ಹಿಡಿದಾಗ ಆ ಕೈಯನ್ನು ಸರಿಸಿದಳು. ಗಂಡ ಕೊಟ್ಟ ಮೇಲೆ ಕುಡಿದಳು.

ಅವತ್ತಿನಿಂದ ಅವಳು ಮಗಳ ಜೊತೆ ಮಾತು ಬಿಟ್ಟಳು. ಆಸ್ಪತ್ರೆಯಲ್ಲಿ ಹನ್ನೆರಡು ದಿನ, ಲೈನಿಗೆ ಬಂದ ಮೇಲೂ ಅಷ್ಟೇ. ಜೀವ ಉಳಿಯಿತು ಎಂದು ಲೈನಿನವರು ಬಾಯಲ್ಲಿ, ನಾವು ಕೈಸನ್ನೆಯಲ್ಲಿ ಅವಳಿಗೆ ಹೇಳಿದೆವು. ಅವಳಿಗೂ ಅದು ಗೊತ್ತಿತ್ತು. ಆದರೆ ಪರದೇಶದಲ್ಲಿ ಅವಳು ನಂಬಿದ್ದು ಒಂದೇ ಬಾಯಿಯನ್ನು, ಆ ಬಾಯಿಯೇ ಮೋಸ ಮಾಡಿತ್ತು.

ಝುನು ನನ್ನ ಮನೆಗೆ ಬರುವುದು ಬಿಡಲಿಲ್ಲ. ಬಂದು ಕೂರುತ್ತಿದ್ದಳು, ಅಷ್ಟೇ. ಯಾರಾದರೂ ಗೇಟಿಗೆ ಬಂದು ಕರೆದರೆ "ನನಗ ಬರಂಗಿಲ್ರಿ" ಎನ್ನುತ್ತಿದ್ದಳು. ಏನು ಬರುವುದಿಲ್ಲ ಎಂದರೆ "ಯಾವುದೂ ಬರಂಗಿಲ್ಲ" ಎನ್ನುತ್ತಿದ್ದಳು. ಒಂದು ದಿನ ನಾನು ಪುಸ್ತಕ ಮುಚ್ಚಿಟ್ಟು ಕೇಳಿದೆ.

"ಅವತ್ತು ನಿಮ್ಮ ಅವ್ವಗ ಏನಂದಿ?"

"ತೊಳದು ಪಟ್ಟಿ ಕಟ್ತಾರ ಅಂದೆ."

"ಅಕಿ ಏನು ಕೇಳಿದ್ಲು?"

"ನೋಯ್ತದೇನು ಅಂದ್ಲು. ಇಲ್ಲ ಅಂದೆ."

ಆಮೇಲೆ ಅವಳೇ ಹೇಳಿದಳು: "ಇದ್ದದ್ದು ಹೇಳಿದ್ರ ಅಕಿ ಒಲ್ಲೆ ಅಂತಿದ್ಲು. ಒಲ್ಲೆ ಅಂದ್ರ ಸಾಯ್ತಾಳ ಅಂತ ಡಾಕ್ಟರಮ್ಮ ಅಂದ್ರಲ್ರಿ. ನಾ ಹೇಳಬೇಕಂತ ಬಾಯಿ ತಗದೆ, ಮೇಡಂ ಅಜ್ಜಿ. ನಮ್ಮವ್ವ ನನ್ನ ನೋಡಾಕತ್ತಿದ್ಲು." ಇಷ್ಟಾದ ಮೇಲೆ ಅಳುವುದಿಲ್ಲವೆಂದು ತೀರ್ಮಾನಿಸಿದವಳ ಹಾಗೆ ಮೂಗು ಒರೆಸಿಕೊಂಡು ಕೇಳಿದಳು: "ನೋ ಸಬ್‌ಟ್ರಾಕ್ಷನ್ ಅಂದಿದ್ರಿ. ನನಗ ಎಷ್ಟು ಮಾರ್ಕ್ಸ್ ಕಡಿಮಿ ಮಾಡ್ತೀರಿ?"

ಉತ್ತರವನ್ನು ನನಗೆ ಬರುವ ಭಾಷೆಗಳಲ್ಲೆಲ್ಲ ಹುಡುಕಿದೆ. ದೊಡ್ಡವರು ಹೇಳಬೇಕಾದ ಮಾತನ್ನು ಹನ್ನೊಂದು ವರ್ಷದ ಹುಡುಗಿಯ ನಾಲಿಗೆಯ ಮೇಲಿಟ್ಟು, ಅದು ಆಚೆ ಹೋಯಿತೋ ಇಲ್ಲವೋ ಎಂದು ನೋಡದೆ ಸಹಿ ಮಾಡಿದವಳು ನಾನು. ಫೇಲಾದದ್ದು ಅವಳಲ್ಲ. ಅದನ್ನು ಅವಳಿಗೆ ಹೇಳಿದೆ. ಆದರೆ ಅವಳು ಕೇಳಬೇಕಾಗಿದ್ದುದು ನನ್ನ ಬಾಯಿಂದಲ್ಲ.

ಅಷ್ಟರಲ್ಲಿ ಅವರು ಊರಿಗೆ ಹೊರಡುವುದು ನಿಶ್ಚಯವಾಗಿತ್ತು. ಒಂದು ಕಾಲಿನವಳು ಭತ್ತ ಕೆದರುವುದು ಸಾಧ್ಯವಿಲ್ಲ. ಧನೇಶ್ವರ ಮುಂದಿನ ಮಂಗಳವಾರದ ರೈಲಿಗೆ ಟಿಕೆಟು ತೆಗೆಸಿದ್ದ. ಝುನುವಿನ ಟಿಸಿಗೆ ಅರ್ಜಿ ಬರೆದುಕೊಡಿ ಎಂದು ನನ್ನ ಹತ್ತಿರವೇ ಬಂದ. ಬರೆದುಕೊಟ್ಟೆ. ಒಂದೂವರೆ ದಿನದ ಪ್ರಯಾಣ. ತಾಯಿ ಮಗಳು ಎದುರುಬದುರು ಕೂತು ಒಂದು ಮಾತೂ ಆಡದೆ ಅಷ್ಟು ದೂರ ಹೋಗುವುದನ್ನು ನೆನೆದು ಹುಲಿಗೆಮ್ಮನ ಮುಂದೆ ಹೇಳಿಕೊಂಡೆ.

"ಹೋಗಿ ಹೇಳ್ರಿ ಮತ್ತ, ತಪ್ಪು ನಂದು ಅಂತ," ಎಂದಳು ಹುಲಿಗೆಮ್ಮ, ಪರಟೆಯಿಂದ ಪಾತ್ರೆಯ ತಳ ಕೆರೆಯುತ್ತ.

"ನನಗ ಅವರ ಮಾತು ಎಲ್ಲಿ ಬರತದವ್ವಾ?"

"ಝುನು ಅದಾಳಲ್ರಿ, ಅಕಿ ಕೈಯಾಗ ಹೇ‍ಳಸ್ರಿ."

ಅವಳು ತಲೆಯೆತ್ತಿ ನನ್ನನ್ನು ನೋಡಲೂ ಇಲ್ಲ. ಅಷ್ಟು ಸರಿಯಾಗಿ ಯಾರೂ ನನ್ನನ್ನು ಬೈದಿರಲಿಲ್ಲ.

ನಮ್ಮ ಬಡಾವಣೆಗೆ ಬರುವ ಪ್ಲಂಬರ್ ಒಬ್ಬ ಒಡಿಶಾದವನು, ಹತ್ತು ವರ್ಷದಿಂದ ರಾಯಚೂರಿನಲ್ಲಿದ್ದಾನೆ. ಆಸ್ಪತ್ರೆಯಲ್ಲಿ ನಿಂತಿದ್ದಾಗ ಅವನ ನೆನಪು ನನಗೆ ಬರಲೇ ಇಲ್ಲ. ಒಂದು ಫೋನು ಮಾಡಿದ್ದರೆ ಸಾಕಿತ್ತು. ಮಗು ಎದುರಿಗೇ ಇತ್ತಲ್ಲ! ಈಗ ಅವನನ್ನು ಕರೆಸಿದೆ. ಅವನು ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿದ. "ಅಮ್ಮಾ, ಎಲ್ಲಾ ಚೊಲೋ ಅದ. ಸೋರಾಂಗಿಲ್ಲ."

"ಗೊತ್ತದ. ಕೂಡು, ಚಹಾ ಕುಡಿ."

ಸುಕಾಂತಿಗೆ ಬೇರೆ ಯಾರ ಬಾಯಿಂದಲೂ ಅಲ್ಲದೆ ನಾನೇ ಹೇಳಬೇಕೆಂದು ಒಡಿಯಾದ ಎರಡು ಸಣ್ಣ ವಾಕ್ಯ ಕಲಿಯಲು ನನಗೆ ಮೂರು ದಿನ ಹಿಡಿಯಿತು. ಅವನು ಸಂಜೆ ಬಂದು, ಮೋರಿಯ ಕಟ್ಟೆಯ ಮೇಲೆ ಕೂತು, ನನ್ನಿಂದ ಹೇಳಿಸುತ್ತಿದ್ದ. "ಅಮ್ಮಾ, ಇಂಗ್ಲಿಷ್ ಹಂಗ ಕೇಳಸ್ತದ, ಮತ್ತೊಮ್ಮೆ" ಎನ್ನುತ್ತಿದ್ದ. ನಾನು ಹಾಗೆ ಎಷ್ಟು ಮಕ್ಕಳಿಗೆ ಅಂದಿಲ್ಲ! ಯಾರ ದೋಷ, ಏನು ಕಥೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಒಳ್ಳೆಯ ಟೀಚರು.

ಭಾನುವಾರ ಮಧ್ಯಾಹ್ನ ಲೈನಿಗೆ ಹೋದೆ. ಸುಕಾಂತಿ ಬಾಗಿಲ ಹೊರಗೆ ಗೋಣಿಚೀಲದ ಮೇಲೆ ಕೂತಿದ್ದಳು, ಊರುಗೋಲು ಪಕ್ಕದಲ್ಲಿ. ಝುನು ಒಳಗೆ ಅಕ್ಕಿ ಆರಿಸುತ್ತಿದ್ದಳು. ನಾನು ಕಷ್ಟಪಟ್ಟು ನೆಲದ ಮೇಲೆ ಕೂತು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದೆ.

"ಝಿಅರ ದೋಷ ನಾಹಿಂ. ದೋಷ ಮೋರ."

ಮಗಳ ದೋಷವಿಲ್ಲ, ದೋಷ ನನ್ನದು. ಸುಕಾಂತಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಾತಾಡಲು ಶುರು ಮಾಡಿದಳು. ಮೆಲ್ಲಗೆ ಶುರುವಾದದ್ದು ಜೋರಾಯಿತು. ಕೈ ತೋರಿಸಿದಳು, ಕಾಲು ತೋರಿಸಿದಳು, ಮಿಲ್ಲಿನ ಕಡೆ ತೋರಿಸಿದಳು. ನನ್ನನ್ನು ಏನೋ ಕೇಳಿ ಉತ್ತರಕ್ಕೆ ಕಾದಳು. ನನ್ನ ಬಂಡವಾಳ ಎರಡೇ ವಾಕ್ಯ, ಅದು ಮುಗಿದಿತ್ತು. ನನ್ನ ಕಣ್ಣು ತಾನಾಗಿ ಬಾಗಿಲಿನ ಕಡೆ ತಿರುಗಿತು. ಸುಕಾಂತಿಯದೂ ಅತ್ತಲೇ ತಿರುಗಿತು. ಝುನು ಆಗಲೇ ಅಕ್ಕಿಯ ಮೊರ ಕೆಳಗಿಟ್ಟು ಎದ್ದು ನಿಂತಿದ್ದಳು, ಬಿಳಿಚಿಕೊಂಡಿದ್ದಳು.

"ನೀ ಬ್ಯಾಡ," ಎಂದೆ. "ನೀ ಹೊರಗ ಹೋಗಿ ಆಟ ಆಡು ಹೋಗವ್ವಾ."

ಅವಳು ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು, ಆಮೇಲೆ ಓಡಿದಳು.

ಸುಕಾಂತಿ ಹೇಳುತ್ತಲೇ ಹೋದಳು, ನಾನು ಕೇಳುತ್ತಲೇ ಕೂತೆ. ಬಹುಶಃ ಬೈದಳು, ಬೈಯಬೇಕಾದದ್ದೇ. ನಡುನಡುವೆ ನಾನು ಕನ್ನಡದಲ್ಲಿ ಏನೇನೋ ಅಂದೆ. ಕಡೆಗೆ ಅವಳು ಅತ್ತಳು, ಆಸ್ಪತ್ರೆಯಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ. ನಾನು ಅವಳ ಭುಜ ಹಿಡಿದು ಕೂತಿದ್ದೆ. ಕಣ್ಣೊರೆಸಿಕೊಂಡ ಮೇಲೆ ಅವಳು ಓಣಿಯ ಕಡೆ ನೋಡಿದಳು. ಝುನು ಲೈನಿನ ಮಕ್ಕಳ ಜೊತೆ ಕುಂಟಬಿಲ್ಲೆ ಆಡುತ್ತಿದ್ದಳು. ರಿಬ್ಬನ್ ಬಿಚ್ಚಿ ಕೂದಲೆಲ್ಲ ಮುಖದ ಮೇಲೆ ಬಿದ್ದಿತ್ತು. ಸುಕಾಂತಿ ಅವಳ ಹೆಸರು ಹಿಡಿದು ಕೂಗಿದಳು, ಒರಟಾಗಿ.

ಹುಡುಗಿ ಒಂದು ಕಾಲಿನ ಮೇಲೆ ಹಾಗೇ ನಿಂತುಬಿಟ್ಟಳು. ಆಮೇಲೆ ನಿಧಾನವಾಗಿ ಬಂದು ತಾಯಿಯ ಮುಂದೆ ಬೆನ್ನು ಮಾಡಿ ಕೂತಳು. ಸುಕಾಂತಿ ಬಾಚಣಿಕೆ ತೆಗೆದುಕೊಂಡು ಆ ಸಿಕ್ಕನ್ನು ಜಗ್ಗಿ ಜಗ್ಗಿ ಬಾಚತೊಡಗಿದಳು. ಪ್ರತಿ ಜಗ್ಗಿಗೂ ಒಂದು ಮಾತು. ಹುಡುಗಿಯ ತಲೆ ಹಿಂದಕ್ಕೆ ಬಾಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಒಂದಕ್ಕೂ ಎದುರಾಡಲಿಲ್ಲ. ಒಮ್ಮೆ ಏನೋ ಒಂದು ಪದ ಅಂದಳು. ಬಾಚಣಿಕೆ ಅಲ್ಲೇ ನಿಂತಿತು. ಸುಕಾಂತಿ ಮಗಳ ನೆತ್ತಿಯ ಮೇಲೆ ತನ್ನ ಗಲ್ಲವಿಟ್ಟಳು.

ಅದು ಯಾವ ಪದ ಎಂದು ನನಗೆ ತಿಳಿಯಲಿಲ್ಲ. ಪ್ಲಂಬರನನ್ನು ಕೇಳಬಹುದಿತ್ತು, ಮಂಗಳವಾರ ರೈಲು ಹೊರಡುವ ಮುಂಚೆ ಝುನುವನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಎಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಸಲ, ಒಂದು ಮಗು ಆಡಿದ ಮಾತಿನ ಅರ್ಥವನ್ನು ಅದು ಯಾರಿಗೆ ಆಡಿತೋ ಅವರ ಹತ್ತಿರವೇ ಬಿಟ್ಟು ನಾನು ಮನೆಗೆ ಬಂದೆ.